ಎರಡು ಬೆರಳು ಎಡಕ್ಕೆ

ತುಮಾಶ್‌ನ ಮನೆಯ ಬೆಚ್ಚನೆ ಕೋಣೆಯಲ್ಲಿ, ಒಲೆಯ ಪಕ್ಕದ ಪೈನ್ ಹಲಗೆಯ ಗೋಡೆಗೆ ಒಂದು ಮೊಳೆ ಇತ್ತು. ಅದನ್ನು ಹೊಡೆದವಳು ಅವನ ಹೆಂಡತಿ ಮೆಂಜಾ, ಮದುವೆಯಾಗಿ ಬಂದ ವರ್ಷ. ಗಡಿಯಾಚೆಯ ತಿರೋಲ್ ಸೀಮೆಯಲ್ಲಿ ಮೂಸ್‌ಬಾಖ್ ಎಂಬ ಊರಿದೆ. ಬೇಸಿಗೆ ಮುಗಿಯುವ ಹೊತ್ತಿಗೆ ಅಲ್ಲಿ ನಡೆಯುವ ಗುರಿಯಾಟಕ್ಕೆ ನಾವು ಕೋವಿ ತೆಗೆದುಕೊಂಡು ಹೋಗುವುದು ನಮ್ಮ ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ಅಲ್ಲಿ ಗೆದ್ದವನಿಗೆ ಹಣವಿಲ್ಲ, ಬೆಳ್ಳಿ ಬಟ್ಟಲೂ ಇಲ್ಲ. ಬಣ್ಣದ ಚಿತ್ರ ಬರೆದ ದುಂಡನೆಯ ಮರದ ಗುರಿಹಲಗೆಯನ್ನೇ, ಬಿದ್ದ ಗುಂಡುಗಳ ತೂತಿನ ಸಮೇತ ಕೊಟ್ಟು ಕಳಿಸುತ್ತಾರೆ. ಗೆದ್ದವನು ಅದನ್ನು ಮನೆಯ ಗೋಡೆಗೆ ತೂಗುಹಾಕಿಕೊಳ್ಳುತ್ತಾನೆ. "ನಿನ್ನ ಹಲಗೆಗೆ ಜಾಗ ಇಲ್ಲಿ" ಎಂದು ಮೆಂಜಾ ಮೊಳೆ ಹೊಡೆದು ಸುತ್ತಿಗೆ ಕೆಳಗಿಟ್ಟಳಂತೆ.

ಹಲಗೆ ಬರಲಿಲ್ಲ. ಹಾಗೆಂದು ಮೊಳೆ ಖಾಲಿ ಕೂತಿತ್ತು ಎಂದಲ್ಲ. ತುಮಾಶ್‌ನ ಟೋಪಿ, ಬೆಳ್ಳುಳ್ಳಿ ಗೊಂಚಲು, ಮಕ್ಕಳ ಒದ್ದೆ ಕೈಗವಸು, ಒಂದು ಚಳಿಗಾಲವಿಡೀ ಹಸುವಿನ ಕೊರಳಗಂಟೆ, ಎಲ್ಲವೂ ಅದರ ಮೇಲೆ ತೂಗಿ ಇಳಿದವು. ಗುರಿಯಾಟಕ್ಕೆ ಹೊರಡುವ ಮುನ್ನಾದಿನ ಮೆಂಜಾ ಅಲ್ಲಿದ್ದದ್ದನ್ನೆಲ್ಲ ತೆಗೆದು ಮೊಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಡುತ್ತಿದ್ದಳು. ಮರುದಿನ ಸಂಜೆ ತುಮಾಶ್ ಬಂದು ಟೋಪಿ ತೆಗೆದು ಮತ್ತೆ ಅದಕ್ಕೇ ಸಿಕ್ಕಿಸುತ್ತಿದ್ದ. ಇಬ್ಬರೂ ಆ ಮಾತೆತ್ತದೆ ಬಾರ್ಲಿ ಗಂಜಿ ಕುಡಿದು ಮಲಗುತ್ತಿದ್ದರು.

ಅವನೇನು ಗುರಿಗೇಡಿಯಲ್ಲ. ನಮ್ಮ ಊರಿನ ಮೈದಾನದಲ್ಲಿ ಅವನನ್ನು ಮೀರಿಸುವವರು ಕಡಿಮೆ. ಮೂಸ್‌ಬಾಖ್‌ನಲ್ಲೂ ಎರಡನೆಯವನಾಗಿ, ಮೂರನೆಯವನಾಗಿ ಎಷ್ಟೋ ಸಲ ಬಂದಿದ್ದಾನೆ. ಆದರೆ ಅವನಿಗಿಂತ ಒಂದು ಕೂದಲು ಹತ್ತಿರಕ್ಕೆ ಯಾವಾಗಲೂ ಕಾಸಿಯಾನ್‌ನ ಗುಂಡು ಬಿದ್ದಿರುತ್ತಿತ್ತು. ಕಾಸಿಯಾನ್ ಅಲ್ಲಿನ ಗರಗಸದ ಮಿಲ್ಲಿನವನು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮೀಸೆಯ ತುಂಬ ನಗು. ಚಳಿಗಾಲದಲ್ಲಿ ತುಮಾಶ್‌ನ ಮನೆಗೂ ಬಂದು ಹೋಗುವವನು, ಮೊಳೆಯ ಕತೆ ಅವನಿಗೆ ಬಾಯಿಪಾಠ.

ನಾನು ಹೇಳುತ್ತಿರುವುದು ಬಹಳ ಹಿಂದಿನ ಮಾತು. ಆ ವಸಂತದಲ್ಲಿ ನಾನೂ ತುಮಾಶನೂ ಹುಲ್ಲುಗಾವಲಿನ ಬೇಲಿ ಕಟ್ಟುತ್ತಿದ್ದೆವು. ಅವನು ಬೇಲಿಗೂಟ ಹಿಡಿದವನು ಹಿಡಿದಂತೆಯೇ ನಿಂತ.

"ಪೈದರ್, ಬಲಗಣ್ಣಿಗೆ ಮಂಜು ಕವಿದಿದೆ ಕಣೋ."

"ಡಾಕ್ಟ್ರು ಏನಂದ್ರು?"

"ಡಾಕ್ಟ್ರು ಯಾಕೆ, ನನಗೇ ಗೊತ್ತಾಗಲ್ವಾ? ಗುರಿಯ ನಡುವಿನ ಕಪ್ಪು ಈಗ ಬೂದಿ ಬಣ್ಣ ಆಗಿದೆ. ಮುಂದಿನ ವರ್ಷಕ್ಕೆ ಹಲಗೆಯೇ ಕಾಣದೆ ಹೋದ್ರೂ ಹೋಯ್ತು. ಈ ಸಲ ಆಗ್ಲಿಲ್ಲ ಅಂದ್ರೆ ಮೊಳೆ ಕಿತ್ತು ಬಿಸಾಕ್ತೀನಿ."

"ಮೆಂಜಾಗೆ ಹೇಳಿದ್ಯಾ?"

"ಕಣ್ಣಿನ ವಿಷಯ ಹೇಳಿಲ್ಲ. ಮೊಳೆ ಕೀಳ್ತೀನಿ ಅಂದೆ. ಕಿತ್ತು ನೋಡು, ಆ ತೂತಿಗೆ ನಿನ್ನನ್ನೇ ನೇತುಹಾಕ್ತೀನಿ ಅಂದ್ಲು."

ಹಾಗೆಂದು ನಕ್ಕ. ಆದರೆ ಗೂಟಕ್ಕೆ ಹೊಡೆದ ಪೆಟ್ಟು ಜಾರಿ ಪಕ್ಕಕ್ಕೆ ಬಿತ್ತು. ನಾನೂ ನೋಡದವನಂತೆ ತಂತಿ ಬಿಗಿಯುತ್ತಿದ್ದೆ.

ಗಡಿ ದಾಟಿ ಕೋವಿ ಒಯ್ಯುವುದಕ್ಕೆ ನಮ್ಮ ಊರಿನಲ್ಲಿ ಒಂದು ಕಟ್ಟಳೆಯಿದೆ. ಸರಕಾರದ್ದಲ್ಲ, ನಮ್ಮ ಹಿರಿಯರದ್ದು. ಕೋವಿ, ಬೋಲ್ಟು, ತೋಟಾ, ಈ ಮೂರೂ ಒಬ್ಬನ ಕೈಯಲ್ಲಿ ಇರಕೂಡದು. ತೋಟಾವನ್ನು ಒಳಗೆ ದೂಡಿ ಹಿಂದಿನಿಂದ ಬಾಯಿ ಮುಚ್ಚುವ ಕಬ್ಬಿಣದ ತುಂಡೇ ಬೋಲ್ಟು. ಅದನ್ನು ಎಳೆದು ತೆಗೆದುಬಿಟ್ಟರೆ ಕೋವಿ ಬರೀ ಕೊಳವೆ. ಹಾಗಾಗಿ ಕೋವಿಗಳೆಲ್ಲ ಫ್ಲೂರಿನ್‌ನ ವ್ಯಾನಿನ ಹಿಂಬದಿಗೆ ಹೋಗುತ್ತಿದ್ದವು. ಫ್ಲೂರಿನ್ ನಮ್ಮ ಗುರಿಕಾರರ ಸಂಘದ ಮುಖ್ಯಸ್ಥ, ಊರಿನ ರೊಟ್ಟಿ ಸುಡುವವನೂ ಅವನೇ. ಹೀಗಾಗಿ ನಮ್ಮ ಕೋವಿಗಳಿಂದ ಯಾವಾಗಲೂ ಬಿಸಿ ರೊಟ್ಟಿಯ ವಾಸನೆ ಬರುತ್ತಿತ್ತು. ತೋಟಾದ ಕಬ್ಬಿಣದ ಪೆಟ್ಟಿಗೆ ನನ್ನ ಕಾಲ ಬಳಿ, ಅದರ ಬೀಗದ ಕೈ ನನ್ನ ಕೊರಳಲ್ಲಿ. ಬೋಲ್ಟುಗಳು ತುಮಾಶ್‌ನ ಪಾಲು. ಅವು ಒಂದಕ್ಕೊಂದು ತಾಗಿ ಗೀರು ಬೀಳದಿರಲಿ ಎಂದು ಮೆಂಜಾ ಒಂದೊಂದಕ್ಕೂ ದಪ್ಪ ಉಣ್ಣೆಯ ಕಾಲುಚೀಲ ಹೆಣೆದಿದ್ದಳು. ಬೂದು ಬಣ್ಣ, ಮೇಲ್ಗಡೆ ಕೆಂಪು ಪಟ್ಟಿ. ಬೋಲ್ಟನ್ನು ಕಾಲುಚೀಲಕ್ಕೆ ಇಳಿಸಿ, ಬಾಯಿ ಗಂಟುಕಟ್ಟಿ, ಬುಟ್ಟಿಯಲ್ಲಿ ಸಾಲಾಗಿ ಮಲಗಿಸುವುದು. ನೋಡಿದವರು ತೊಟ್ಟಿಲು ತುಂಬ ಕೂಸುಗಳಿವೆ ಅನ್ನಬೇಕು, ಹಾಗೆ.

ಆ ಭಾನುವಾರ ಬೆಳಗ್ಗೆ ತುಮಾಶ್‌ನ ಬಾಗಿಲ ಬಳಿ ಬೆಂಚಿನ ಮೇಲೆ ಅಂಥ ಎರಡು ಬುಟ್ಟಿಗಳಿದ್ದವು. ಒಂದರಲ್ಲಿ ನಮ್ಮ ಬೋಲ್ಟುಗಳು. ಇನ್ನೊಂದು ಮೆಂಜಾ ತನ್ನ ತಂಗಿ ನೇಸಾಗೆಂದು ಕಟ್ಟಿಟ್ಟದ್ದು. ಅದರಲ್ಲೂ ಅದೇ ಬೂದು ಕಾಲುಚೀಲಗಳು, ಅದೇ ಕೆಂಪು ಪಟ್ಟಿ. ಒಳಗೆ ಮಾತ್ರ ಅಕ್ರೋಟು, ಒಣಗಿಸಿದ ಪಿಯರ್ ಹಣ್ಣು. ವ್ಯಾನು ಬಂದು ಹಾರ್ನ್ ಹೊಡೆಯಿತು. ತುಮಾಶ್ ಮಂಜು ಕವಿದ ಕಣ್ಣಿನಿಂದ ಬೆಂಚಿನ ಕಡೆ ನೋಡಿ, ಕೈಗೆ ಸಿಕ್ಕ ಬುಟ್ಟಿಯನ್ನು ಎತ್ತಿಕೊಂಡು ಬಂದ. ತೂಕ ಸರಿಯಾಗಿಯೇ ಇತ್ತು.

ಹೊಳೆಯ ದಡದಲ್ಲೇ ಇಳಿಯುತ್ತ ಹೋದರೆ ಕಣಿವೆ ಕಿರಿದಾಗುವ ಕಡೆ ಸೇತುವೆ, ಸೇತುವೆಯಾಚೆ ಸುಂಕದ ಕಟ್ಟೆ. ಅಲ್ಲಿನ ರೋಮೆಡ್‌ಗೆ ನಾವು ಹೊಸಬರಲ್ಲ. ಅವನ ಮೀಸೆ ಚಿಗುರುವ ಮೊದಲಿನಿಂದ ನಮ್ಮನ್ನು ತಡೆದು ಬಿಟ್ಟು ಮಾಡಿದವನು.

"ಬಂತಪ್ಪ ಮುದುಕರ ದಂಡು! ಇಳೀರಿ, ಇಳೀರಿ. ಯುದ್ಧಕ್ಕೋ, ಊಟಕ್ಕೋ?"

"ಊಟಕ್ಕೇ ಕಣಯ್ಯ. ದಾರಿಯಲ್ಲಿ ಸ್ವಲ್ಪ ಯುದ್ಧ" ಎಂದ ಫ್ಲೂರಿನ್.

ರೋಮೆಡ್ ಅನುಮತಿ ಪತ್ರ ಹಿಡಿದು ಕೋವಿಗಳ ಮೇಲಿನ ನಂಬರನ್ನು ಒಂದೊಂದಾಗಿ ಸರಿನೋಡಿದ. ನಾನು ಪೆಟ್ಟಿಗೆ ತೆರೆದೆ, ತೋಟಾ ಎಣಿಸಿದ, ನಾನು ಮತ್ತೆ ಬೀಗ ಹಾಕಿದೆ. "ಇನ್ನು ಅಜ್ಜಿಯ ಕಾಲುಚೀಲ ತೆಗೀರಿ" ಎಂದ. ತುಮಾಶ್ ಬುಟ್ಟಿಯನ್ನು ಮೇಜಿನ ಮೇಲಿಟ್ಟ. ರೋಮೆಡ್ ಒಂದು ಗಂಟು ಬಿಚ್ಚಿ ಕೈ ಹಾಕಿ, ಹೊರತೆಗೆದು, ಅಂಗೈಯನ್ನು ನೋಡಿದ. ಅಕ್ರೋಟು. ಇನ್ನೊಂದು ಬಿಚ್ಚಿದ. ಒಣ ಪಿಯರ್. ಮೂರನೆಯದನ್ನು ಬಿಚ್ಚದೆ ಅಲ್ಲಾಡಿಸಿದ, ಗಲಗಲ ಎಂದಿತು.

"ತಾತ, ಇದ್ಯಾವ ಕಾರ್ಖಾನೆಯ ಬೋಲ್ಟು?"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಫ್ಲೂರಿನ್ ತಲೆ ಚಚ್ಚಿಕೊಂಡ. ರೋಮೆಡ್‌ಗೆ ಪಾಪ ಎನ್ನಿಸಿತು, ಫೋನನ್ನು ಮುಂದಕ್ಕೆ ತಳ್ಳಿದ. ಮೆಂಜಾ ಫೋನಿನಲ್ಲಿ ಮಾತಾಡಿದರೆ ಫೋನೇ ಬೇಡ ಎನ್ನುವಷ್ಟು ಜೋರು, ಹೀಗಾಗಿ ಎರಡೂ ಕಡೆಯ ಮಾತು ನಮಗೆಲ್ಲ ಕೇಳಿತು.

"ಮೆಂಜಾ, ಬೆಂಚಿನ ಮೇಲೆ ಇನ್ನೊಂದು ಬುಟ್ಟಿ ಇತ್ತಲ್ಲ..."

"ಇತ್ತು, ಈಗಿಲ್ಲ. ಬೆಳಗ್ಗೇನೇ ಮೇಲೂರಿಗೆ ಹೋಗಿ ನೇಸಾಗೆ ಕೊಟ್ಟು ಈಗಷ್ಟೇ ಬಂದೆ. ಏನಕ್ಕ, ಈ ವರ್ಷ ಅಕ್ರೋಟು ಇಷ್ಟು ಗಟ್ಟಿ ಅಂದ್ಲು."

"ಅದು ಅಕ್ರೋಟಲ್ಲ ಕಣೇ."

"ಮತ್ತೆ ಅಕ್ರೋಟು ಎಲ್ಲಿ?"

"ನನ್ನೆದುರಿಗೆ. ರೋಮೆಡ್ ತಿಂತಾ ಇದ್ದಾನೆ."

"ಅಯ್ಯೋ ದೇವರೇ! ಅವಳು ಸುತ್ತಿಗೆ ಹಿಡಿದು ಒಡೆಯೋಕೆ ಕೂತಿರ್ತಾಳೆ!" ಎಂದವಳೇ ಫೋನು ಕುಕ್ಕಿದಳು.

ಮೇಲೂರಿಗೆ ಹೋಗಿ ಬರುವಷ್ಟರಲ್ಲಿ ಗುರಿಯಾಟ ಮುಗಿದು ಬೆಂಚು ಎತ್ತಿರುತ್ತಾರೆ. ಅಂಚೆ ಬಸ್ಸಿನಲ್ಲಿ ಬೋಲ್ಟು ತರಿಸಿದರೆ ಹೇಗೆ ಎಂದು ಫ್ಲೂರಿನ್ ಕೇಳಿದ. ರೋಮೆಡ್ ಆಗದು ಎಂದು ತಲೆಯಾಡಿಸಿದ. "ಕೋವಿಯ ಜೊತೆ ಬಂದ್ರೆ ಸರಿ. ಬೋಲ್ಟು ತಾನೊಂದೇ ಬಸ್ಸಲ್ಲಿ ಟಿಕೆಟ್ ತಗೊಂಡು ಬಂದ್ರೆ ನಾನು ಬಿಡೋಕಾಗಲ್ಲ."

"ಬೋಲ್ಟು ಇಲ್ಲದ ಕೋವಿ?"

ರೋಮೆಡ್ ಇನ್ನೊಂದು ಅಕ್ರೋಟು ಒಡೆದು ಬಾಯಿಗೆ ಹಾಕಿಕೊಂಡು ಯೋಚಿಸಿದ. "ಅದು ಕೋವಿ ಅಂತ ಯಾಕೆ ಹೇಳ್ತೀರ? ವಯಸ್ಸಾದವರು, ಊರುಗೋಲು ಹಿಡಿದು ಬಂದಿದ್ದೀರ. ಹೋಗಿಬನ್ನಿ."

ವ್ಯಾನು ಮುಂದಕ್ಕೆ ಹೊರಟಿತು. ತುಮಾಶ್ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಫ್ಲೂರಿನ್, ನನ್ನನ್ನ ಇಲ್ಲೇ ಇಳಿಸಿಬಿಡು."

"ಇಳಿದು?"

"ನಡ್ಕೊಂಡು ಹೋಗ್ತೀನಿ. ಯಾವ ಮುಖ ಇಟ್ಕೊಂಡು ಬರ್ಲಿ? ಎಲ್ಲರ ಆಟವನ್ನೂ ಹಾಳು ಮಾಡ್ದೆ."

"ಇದೇ ಮುಖ ಸಾಕು, ಅವರಿಗೆ ಅಭ್ಯಾಸ ಆಗಿದೆ. ಬುರ್ಗಿ ಕಡುಬು ಮಾಡಿರ್ತಾಳೆ. ಬೋಲ್ಟಿಲ್ಲ ಅಂತ ಬಾಯಿಲ್ವಾ ನಮಗೆ? ಕೂತ್ಕೋ ಸುಮ್ನೆ."

ಬುರ್ಗಿ ಎಂದರೆ ಕಾಸಿಯಾನ್‌ನ ಹೆಂಡತಿ. ಅವಳ ಹೊಗೆಮಾಂಸದ ಕಡುಬಿನ ಹೆಸರು ಕೇಳಿದ ಮೇಲೆ ವ್ಯಾನಿನಲ್ಲಿ ಮಾತು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅಕ್ರೋಟಿನ ಸಿಪ್ಪೆಯೂ ಬೀಳತೊಡಗಿತು. ತುಮಾಶ್ ಮಾತ್ರ ಕಿಟಕಿಯ ಕಡೆ ತಿರುಗಿದವನು ತಿರುಗಲಿಲ್ಲ. ಅವನು ಏನನ್ನು ನೋಡುತ್ತಿದ್ದ ಎಂಬುದು ನನಗೆ ಗೊತ್ತಿತ್ತು: ಒರೆಸಿಟ್ಟ ಮೊಳೆ.

ಮೂಸ್‌ಬಾಖ್‌ನಲ್ಲಿ ಪೂಜೆ ಮುಗಿಸಿ ಜನ ಹೊರಬರುತ್ತಿದ್ದರು. ಇಬ್ಬರೂ ಕ್ರೈಸ್ತರೇ, ಪಂಥ ಬೇರೆ: ಅವರ ಪೂಜೆ ನಮಗಿಲ್ಲ, ನಮ್ಮ ಪ್ರಾರ್ಥನೆ ಅವರಿಗಿಲ್ಲ. ಹಾಗಾಗಿ ನಾವು ಪ್ರತಿ ವರ್ಷವೂ ಇಗರ್ಜಿಯ ಹೊರಗೆ ಸಾಲಾಗಿ ನಿಲ್ಲುವುದು, ಅವರು ಹೊರಬಂದು ನಮ್ಮ ಆತ್ಮಗಳ ಬಗ್ಗೆ ಮರುಕ ಪಡುವುದು, ಇದೂ ಒಂದು ಪದ್ಧತಿ. ಕಹಳೆಯವರು ಊದಲು ಶುರುಮಾಡಿದರು. ಎಲ್ಲರಿಗಿಂತ ಒಂದು ಗೇಣು ಮೇಲಿದ್ದ ಕಾಸಿಯಾನ್‌ನ ತಲೆ ನಮ್ಮ ಕಡೆ ತೇಲಿಬಂತು.

"ಬಂದ್ಯಾ ಮೊಳೆಯಪ್ಪ! ಬಾ ಬಾ, ಈ ಸಲದ ಹಲಗೆ ನೋಡು ಬಾ. ನಿನಗೋಸ್ಕರಾನೇ ಬರೆಸಿದ್ದೀನಿ."

ಹಿಂದಿನ ವರ್ಷ ಗೆದ್ದವನು ಈ ವರ್ಷದ ಹಲಗೆಗೆ ಚಿತ್ರ ಬರೆಸಬೇಕು. ಕಾಸಿಯಾನ್ ಮುಚ್ಚಿದ ಬಟ್ಟೆ ಎಳೆದ. ನಮ್ಮ ತುಮಾಶ್‌ನ ಕೋಣೆ! ಪೈನ್ ಗೋಡೆ, ಒಲೆ, ಗೋಡೆಗೆ ಮೊಳೆ. ಮೊಳೆಗೆ ಹಳೇ ಟೋಪಿ, ಟೋಪಿಯ ಪಟ್ಟಿಗೆ ಕೆಂಪು ಹೂವು. ಒಲೆಯ ಪಕ್ಕ ಬೆನ್ನು ತಿರುಗಿಸಿ ಗಂಜಿ ಕುಡಿಯುತ್ತ ಕೂತ ಗಂಡ ಹೆಂಡತಿ. ಹಲಗೆಯ ನಟ್ಟನಡುವೆ, ಗುಂಡು ಬೀಳಬೇಕಾದ ಜಾಗದಲ್ಲಿ ಆ ಕೆಂಪು ಹೂವು. ಊರಿಗೆ ಊರೇ ಹೊಟ್ಟೆ ಹಿಡಿದು ನಕ್ಕಿತು. ತುಮಾಶ್ ಹತ್ತಿರ ಹೋಗಿ, ಬಗ್ಗಿ, ಎಡಗಣ್ಣಿನಲ್ಲಿ ನೋಡಿದ. ಅವನಿಗೂ ನಗು ತಡೆಯಲಿಲ್ಲ.

"ಟೋಪಿ ನಂದೇ. ಹರಿದ ಅಂಚನ್ನೂ ಬಿಟ್ಟಿಲ್ವಲ್ಲೋ ಪಾಪಿ."

"ಬಿಡೋದಾ? ಚಿತ್ರ ಬರೆಯೋನಿಗೆ ಆ ಅಂಚಿಗೇ ಬೇರೆಯಾಗಿ ಒಂದು ಬಾಟಲಿ ಕೊಟ್ಟಿದ್ದೀನಿ!"

ಆಗ ಫ್ಲೂರಿನ್ ಗಂಟಲು ಸರಿಮಾಡಿಕೊಂಡು ಬುಟ್ಟಿಯ ಕತೆ ಹೇಳಿದ. ನೇಸಾ ಮತ್ತು ಸುತ್ತಿಗೆಯ ತನಕ ಬರುವಷ್ಟರಲ್ಲಿ ಕಹಳೆಯವರು ಊದಲಾರದೆ ಕಹಳೆ ಕೆಳಗಿಳಿಸಿದ್ದರು. ಬುರ್ಗಿ ಸೆರಗಿನಂತೆ ಕಟ್ಟಿದ್ದ ಅಡುಗೆಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು. ನಗು ಇಳಿದ ಮೇಲೆ ಅಲ್ಲಿನ ಹಿರಿಯರು ತಲೆಗೆ ತಲೆ ಹಚ್ಚಿ ಮಾತಾಡಿದರು. ಬಹಳ ಹೊತ್ತೇನೂ ಹಿಡಿಯಲಿಲ್ಲ. ಯಾರ ಮನೆಯಲ್ಲಿ ಉಣ್ಣುತ್ತೀರೋ ಅವರ ಕೋವಿಯಲ್ಲಿ ಹೊಡೆಯಿರಿ ಎಂದರು. ಅತಿಥಿ ಹಸಿದೂ ಹೋಗಬಾರದು, ಗುಂಡು ಹಾರಿಸದೆಯೂ ಹೋಗಬಾರದು.

ತುಮಾಶ್ ಉಣ್ಣುತ್ತಿದ್ದದ್ದು ಕಾಸಿಯಾನ್‌ನ ಮನೆಯಲ್ಲಿ.

"ಅಂದ್ರೆ ನನ್ನ ಕೋವೀನೇ ಕೊಟ್ಟು ನನ್ನನ್ನೇ ಸೋಲಿಸಿಕೊಳ್ಳಬೇಕಾ?" ಎಂದು ಕಾಸಿಯಾನ್ ಆಕಾಶ ನೋಡಿದ.

"ಯಾಕೆ, ಭಯನಾ?" ಎಂದಳು ಬುರ್ಗಿ.

"ಭಯ ಅಲ್ಲ ಕಣೆ. ನನ್ನ ಕೋವಿಗೆ ಇವನ ಹೆಗಲು ಅಭ್ಯಾಸ ಆಗಿಬಿಟ್ರೆ ಕಷ್ಟ."

ಆಡುವ ಜಾಗ ಊರಾಚೆಯ ಇಳಿಜಾರಿನಲ್ಲಿ. ಈ ಕಡೆ ಮರದ ಚಪ್ಪರ, ಆ ಕಡೆ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಹಲಗೆ. ಹಲಗೆಗೆ ಒಬ್ಬರಿಗೆ ಒಂದೇ ಗುಂಡು. ಪರೀಕ್ಷೆಗೆಂದು ಮೊದಲು ಹೊಡೆದು ನೋಡುವಂತಿಲ್ಲ. ದಿಬ್ಬದ ಪಕ್ಕದ ಗುಂಡಿಯಲ್ಲಿ ಕುಳಿತವನು ಪ್ರತಿ ಸಲ ಎದ್ದುಬಂದು ತೂತಿಗೆ ಹೆಸರಿನ ಬೆಣೆ ಸಿಕ್ಕಿಸಿ ಹೋಗುತ್ತಾನೆ.

ನನ್ನ ಗುಂಡು ಚಿತ್ರದ ಒಲೆಗೆ ಬಿತ್ತು. "ಚಳಿ ಆಯ್ತಾ ಪೈದರ್?" ಎಂದು ಕೂಗಿದರು. ಫ್ಲೂರಿನ್ ಗಂಜಿ ಬಟ್ಟಲಿಗೆ ಹೊಡೆದ. ಕಾಸಿಯಾನ್ ಮಲಗಿ, ಮೀಸೆಯನ್ನು ಕೋವಿಯ ಮರಕ್ಕೆ ಒತ್ತಿ, ಉಸಿರು ಬಿಟ್ಟು ಹೊಡೆದ. ಬೆಣೆ ಸಿಕ್ಕಿಸಿದವನು ಕೈಯಲ್ಲೇ ಅಳತೆ ತೋರಿಸಿದ: ಹೂವಿನ ಎಸಳಿಗೆ ತಾಗಿತ್ತು. ಚಪ್ಪರದಲ್ಲಿ ಚಪ್ಪಾಳೆ. ಕೊನೆಗೆ ಉಳಿದವನು ತುಮಾಶ್ ಒಬ್ಬನೇ.

ಕಾಸಿಯಾನ್ ಎದ್ದು ಬೋಲ್ಟು ತೆರೆದು, ಒಳಗೆ ಏನೂ ಇಲ್ಲವೆಂದು ತೋರಿಸಿ, ಕೋವಿಯನ್ನು ಎರಡೂ ಕೈಯಲ್ಲಿ ಕೊಟ್ಟ.

"ಕೇಳಿಲ್ಲಿ. ಇದು ಬಲಕ್ಕೆ ಎಳೆಯುತ್ತೆ. ಹೂವಿಗೆ ಹಿಡಿದ್ರೆ ಹೂವಿಗೆ ಬೀಳಲ್ಲ. ಹಲಗೆ ಮೇಲೆ ಎರಡು ಬೆರಳು ಎಡಕ್ಕೆ ಹಿಡಿ."

"ನಂಬಬೇಡ ತುಮಾಶ್!" ಹಿಂದಿನಿಂದ ಅವರ ಊರಿನವರೇ ಕೂಗಿದರು. "ಹೋದ ವರ್ಷ ಉಪ್ಪಿನ ಡಬ್ಬಿ ಕೊಟ್ಟು ಸಕ್ಕರೆ ಅಂದಿದ್ದು ಮರೆತ್ಯಾ?"

ಕಾಸಿಯಾನ್ ಹಿಂದೆ ಹೋಗಿ ಕಂಬಕ್ಕೆ ಒರಗಿ ಚುಟ್ಟಾ ಹೊತ್ತಿಸಿದ.

ತುಮಾಶ್ ಮಲಗಿದ. ಕೋವಿಯನ್ನು ಹೆಗಲಿಗೆ ಕೊಟ್ಟು ಸರಿಮಾಡಿಕೊಂಡ. ಆಮೇಲೆ ತಲೆ ಎತ್ತದೆ ನನ್ನನ್ನು ಕರೆದ. ನಾನು ಪಕ್ಕದಲ್ಲಿ ಮೊಣಕಾಲೂರಿದೆ.

"ಹೂವು ಕಾಣ್ತಿದೆಯಾ?" ಎಂದೆ.

"ಕೆಂಪು ಅಂತ ಗೊತ್ತಾಗುತ್ತೆ. ಸಾಕು. ಪೈದರ್, ನಿನ್ನ ನೆನಪು ಗಟ್ಟಿ. ಯೋಚನೆ ಮಾಡಿ ಹೇಳು. ಈ ಮನುಷ್ಯ ಕೋವಿ ವಿಷಯಕ್ಕೆ ಯಾವತ್ತಾದ್ರೂ ಸುಳ್ಳು ಹೇಳಿದ್ದಾನಾ?"

ನನಗೆ ಶಾಲೆ ಚಳಿಗಾಲಕ್ಕೆ ಮಾತ್ರ ಇತ್ತು. ಬೇಸಿಗೆಯೆಲ್ಲ ಬೆಟ್ಟದ ಮೇಲೆ ದನದ ಜೊತೆ. ಬರೆದಿಟ್ಟುಕೊಳ್ಳುವ ಅಭ್ಯಾಸವಿಲ್ಲದವನಿಗೆ ತಲೆಯಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಬರುತ್ತದೆ. ನಾನು ಅಲ್ಲೇ ಮೊಣಕಾಲ ಮೇಲೆ ಕೂತು ಹಿಂದಕ್ಕೆ ಹೋದೆ. ಉಪ್ಪು ಸಕ್ಕರೆ ಇದ್ದೇ ಇತ್ತು. ಅದಕ್ಕೂ ಮೊದಲು ಊಟದ ಹೊತ್ತಿಗೆ ಗಡಿಯಾರ ತಿರುಗಿಸಿಟ್ಟು ನಮ್ಮನ್ನು ಓಡಿಸಿದ್ದ. ಮೂರು ಕಾಲಿನ ಕರು ಹುಟ್ಟಿದೆ ಎಂದು ಕೊಟ್ಟಿಗೆಗೆ ಕರೆದೊಯ್ದು ಮೂರು ಕಾಲಿನ ಮಣೆ ತೋರಿಸಿದ್ದ. ಫ್ಲೂರಿನ್‌ನ ವ್ಯಾನಿನೊಳಗೆ ಕೋಳಿ ಬಿಟ್ಟು ಕಳಿಸಿದ್ದ. ರೋಮೆಡ್ ಆ ಕೋಳಿಗೂ ಕಾಗದ ಕೇಳಿದ್ದ.

"ಏನಯ್ಯ, ಅಲ್ಲೇ ನಿದ್ದೆ ಹೋದ್ರಾ ಇಬ್ಬರೂ?" ಹಿಂದಿನಿಂದ ಕೂಗು.

ನಾನು ಅವಸರ ಮಾಡಲಿಲ್ಲ. ಆಲಿಕಲ್ಲು ಬಿದ್ದ ವರ್ಷ ನೆನಪಾಯಿತು. ಆ ವರ್ಷ ದಾರಿಯಲ್ಲಿ ವ್ಯಾನು ಗುಂಡಿಗೆ ಇಳಿದು ಕುಲುಕಿತ್ತು. ತುಮಾಶ್ ತನ್ನ ಕೋವಿಯೊಡನೆ ಮಲಗಿ, ಇನ್ನೇನು ಹೊಡೆಯಬೇಕು, ಆಗ ಈ ಕಾಸಿಯಾನೇ ಬಂದು ಹೆಗಲು ತಟ್ಟಿ, "ನಿಲ್ಲು, ನಿನ್ನ ಕೋವಿಯ ಮುಂದಿನ ಗುರಿಮೊನೆ ಬಾಗಿದೆ" ಎಂದಿದ್ದ. ಸರಿಪಡಿಸಿಕೊಟ್ಟಿದ್ದೂ ಅವನೇ. ಅವನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಸಲ ತುಮಾಶ್ ಎರಡನೆಯವನಾಗಿದ್ದ.

"ಇಲ್ಲ" ಎಂದೆ. "ಉಪ್ಪು, ಗಡಿಯಾರ, ಕರು, ಕೋಳಿ, ಎಲ್ಲದಕ್ಕೂ ಹೇಳಿದ್ದಾನೆ. ಕೋವಿ ವಿಷಯಕ್ಕೆ ಇಲ್ಲ. ಆಲಿಕಲ್ಲಿನ ವರ್ಷ ನೆನಪಿದೆ ತಾನೆ?"

"ಗುರಿಮೊನೆ."

"ಹೂಂ."

"ಸರಿ, ಏಳು."

ನಾನು ಎದ್ದು ಹಿಂದೆ ಸರಿದೆ. ಕೋವಿಯ ತುದಿ ಚೂರೇ ಚೂರು ಎಡಕ್ಕೆ ಸರಿದದ್ದು ನನಗೆ ಕಂಡಿತು. ಗುಂಡಿನ ಸದ್ದು ಎದುರು ಬೆಟ್ಟಕ್ಕೆ ಹೋಗಿ ವಾಪಸು ಬಂತು.

ಗುಂಡಿಯಲ್ಲಿದ್ದವನು ಹಲಗೆಯ ಬಳಿ ಬಂದು ಬಗ್ಗಿದ. ಬೆಣೆ ಹಿಡಿದವನು ಸಿಕ್ಕಿಸಲಿಲ್ಲ. ಇನ್ನೂ ಹತ್ತಿರ ಬಗ್ಗಿದ. ಆಮೇಲೆ ಬೆಣೆಯನ್ನು ಕಿಸೆಗೆ ಹಾಕಿಕೊಂಡು, ತಲೆಯ ಟೋಪಿ ತೆಗೆದು, ಹಲಗೆಯನ್ನೇ ಗೂಟದಿಂದ ಬಿಡಿಸಿ, ಎದೆಗೊತ್ತಿಕೊಂಡು ಇಳಿಜಾರಿನಲ್ಲಿ ನಮ್ಮ ಕಡೆ ಓಡಿಬಂದ. ಹೂವು ಇರಲಿಲ್ಲ. ಹೂವಿದ್ದ ಕಡೆ ದುಂಡನೆಯ ತೂತು, ತೂತಿನ ಅಂಚಿಗೆ ಒಂದಿಷ್ಟು ಕೆಂಪು.

ಚಪ್ಪರದಲ್ಲಿ ಎದ್ದ ಗದ್ದಲವನ್ನು ನಾನು ಹೇಗೆ ಹೇಳಲಿ? ಕಹಳೆಯವರು ಒಬ್ಬೊಬ್ಬರು ಒಂದೊಂದು ರಾಗ ಊದಿದರು. ಫ್ಲೂರಿನ್ ಸಿಕ್ಕಿದವರನ್ನೆಲ್ಲ ಅಪ್ಪಿಕೊಂಡ. ಕಾಸಿಯಾನ್ ಬಾಯಿಯ ಚುಟ್ಟಾವನ್ನು ಎಸೆದು ಬಂದು, ಮಲಗಿದ್ದ ತುಮಾಶ್‌ನನ್ನು ಮಗುವಿನಂತೆ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ತುಮಾಶ್ ಚಪ್ಪರದ ತೊಲೆಗೆ ತಲೆ ಬಡಿಸಿಕೊಂಡು, "ಇಳಿಸೋ, ಇಳಿಸೋ, ಗೆದ್ದ ದಿನವೇ ಕೊಲ್ಲಬೇಡ" ಎಂದು ಕಿರುಚುತ್ತಿದ್ದ. ಅವನ ಎರಡೂ ಕಣ್ಣಲ್ಲಿ ನೀರು.

ಊಟಕ್ಕೆ ಕೂತ ಮೇಲೆ ಜಗಳ ಶುರುವಾಯಿತು.

"ಕೋವಿ ಯಾರದ್ದು?" ಎಂದ ಕಾಸಿಯಾನ್, ಕಡುಬನ್ನು ಚಮಚದಲ್ಲಿ ಎರಡು ಮಾಡುತ್ತ.

"ನಿಂದು."

"ತೋಟಾ?"

"ಅದೂ ನಿಂದೇ."

"ಎಡಕ್ಕೆ ಹಿಡಿ ಅಂದವನು?"

"ನೀನೇ ಮಾರಾಯ."

"ಹಾಗಾದ್ರೆ ನಿಂದೇನು ಇದರಲ್ಲಿ? ಒಂದು ಕಣ್ಣು, ಒಂದು ಬೆರಳು! ಹಲಗೆಯಲ್ಲಿ ಮುಕ್ಕಾಲು ಪಾಲು ನಂದು. ಗರಗಸ ಇದೆ, ಈಗಲೇ ಕೊಯ್ದು ಕೊಡ್ತೀನಿ. ಆ ಕಣ್ಣೂ ಪೂರ್ತಿ ಇಲ್ಲ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ತುಮಾಶ್‌ನ ಚಮಚ ನಿಂತಿತು. "ಯಾರು ಹೇಳಿದ್ರು?"

"ಯಾರು ಹೇಳಬೇಕು? ನಿನ್ನ ಎದುರಿಗೇ ಹಲಗೆ ಹಿಡಿದು ನಿಂತಿದ್ದೆ, ನೀನು ಎಡಗಣ್ಣಲ್ಲಿ ನೋಡ್ದೆ."

ಬುರ್ಗಿ ತುಮಾಶ್‌ನ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು. "ಹಲಗೆ ಇಡಿಯಾಗಿ ತುಮಾಶ್‌ನದ್ದೇ" ಎಂದಳು ಗಂಡನ ಕಡೆ ಚಮಚ ತೋರಿಸಿ. "ನಿನ್ನ ಮುಕ್ಕಾಲು ಪಾಲಿಗೆ ಬದಲಾಗಿ ನೀನೇ ಅವರ ಮನೆಗೆ ಹೋಗಿ ಅದನ್ನು ತೂಗುಹಾಕಿ ಬಾ. ಮೆಂಜಾ ಕೈಯಡುಗೆ ಉಂಡು ಬಾ. ಮುಗೀತು."

ಸಂಜೆ ಸುಂಕದ ಕಟ್ಟೆಯಲ್ಲಿ ರೋಮೆಡ್ ತೋಟಾ ಪೆಟ್ಟಿಗೆ ತೆರೆಸಿ ಎಣಿಸಿದ. ಮತ್ತೊಮ್ಮೆ ಎಣಿಸಿದ. ನಮ್ಮ ಮುಖ ನೋಡಿದ.

"ಬೆಳಗ್ಗೆ ಎಷ್ಟಿತ್ತೋ ಅಷ್ಟೇ ಇದೆ. ಒಂದೂ ಹಾರಿಸಿಲ್ಲ. ಮತ್ತೆ ಆ ಹಲಗೆ?"

"ಗೆದ್ದದ್ದು" ಎಂದ ತುಮಾಶ್.

"ಬೋಲ್ಟಿಲ್ಲ, ಗುಂಡು ಖರ್ಚಾಗಿಲ್ಲ, ಹಲಗೆ ಗೆದ್ದಿದ್ದೀರ. ಏನ್ ತಾತ, ಅಕ್ರೋಟಲ್ಲಿ ಹೊಡೆದ್ರಾ?" ರೋಮೆಡ್ ಹಲಗೆಯ ತೂತಿಗೆ ಕಣ್ಣಿಟ್ಟು ಆಚೆ ನೋಡಿದ. ಆಮೇಲೆ ಟೋಪಿ ಮುಟ್ಟಿ ಸಲಾಮು ಹೊಡೆದು ಅಡ್ಡಗಂಬ ಎತ್ತಿದ.

ನಾವು ಎಲ್ಲರೂ ತುಮಾಶ್‌ನ ಹಿಂದೆಯೇ ಅವನ ಮನೆಯೊಳಗೆ ನುಗ್ಗಿದೆವು. ಒಲೆ ಉರಿಯುತ್ತಿತ್ತು. ಮೊಳೆ ಖಾಲಿ ಇರಲಿಲ್ಲ. ಅದಕ್ಕೆ ನಮ್ಮ ಬೋಲ್ಟಿನ ಬುಟ್ಟಿ ತೂಗುತ್ತಿತ್ತು. ಮೆಂಜಾ ಓಡಿಹೋಗಿ, ತಂಗಿಯ ಸುತ್ತಿಗೆ ಏಳುವ ಮೊದಲೇ ಬುಟ್ಟಿ ಕಿತ್ತುಕೊಂಡು ಬಂದು, ಗಂಡ ಒಳಗೆ ಕಾಲಿಡುತ್ತಲೇ ಕಣ್ಣಿಗೆ ಬೀಳಲಿ ಎಂದು ಅಲ್ಲಿಗೇ ನೇತುಹಾಕಿದ್ದಳು.

"ನೋಡು, ಕಣ್ತುಂಬ ನೋಡು" ಎಂದಳು ಒಲೆಯ ಕಡೆಯಿಂದ ತಿರುಗದೆ. "ಬೋಲ್ಟು ಯಾವುದು, ಅಕ್ರೋಟು ಯಾವುದು ಅಂತ ಇವತ್ತಿಂದಾದ್ರೂ..."

ತಿರುಗಿದಳು. ಹಲಗೆ ಕಂಡಳು. ಕೈಯಲ್ಲಿದ್ದ ಸೌಟು ಗಂಜಿಯ ಪಾತ್ರೆಯೊಳಕ್ಕೆ ಮುಳುಗಿತು. ಅವಳು ಚಿತ್ರದ ಹತ್ತಿರ ಬಂದು ಗೋಡೆ, ಮೊಳೆ, ಟೋಪಿ, ಬೆನ್ನು ತಿರುಗಿಸಿ ಕೂತ ತಮ್ಮಿಬ್ಬರನ್ನು ಒಂದೊಂದಾಗಿ ನೋಡಿದಳು. ತೂತಿಗೆ ಬೆರಳಿಟ್ಟಳು.

"ನನ್ನ ಬೆನ್ನು ಇಷ್ಟು ಅಗಲ ಇದೆಯಾ?" ಎಂದಳು. ಅಷ್ಟು ಹೇಳಿ ಅಡುಗೆಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ ನಮಗೆ ತಿಳಿಯಲಿಲ್ಲ. ತುಮಾಶ್ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಕಣ್ಣಿನ ಸಂಗತಿ ಹೇಳಿದ. "ನನಗೆ ಗೊತ್ತಿಲ್ವಾ? ನಾಲ್ಕು ತಿಂಗಳಿಂದ ಉಪ್ಪಿನ ಡಬ್ಬಿ ಹುಡುಕ್ತಾ ಇದ್ದೀಯ" ಎಂದಳು ಅವಳು.

ಮುಂದಿನ ಭಾನುವಾರ ಕಾಸಿಯಾನ್ ಬಂದ. ಕೈಯಲ್ಲಿ ಕೋವಿಯಿಲ್ಲ, ಸುತ್ತಿಗೆ ಮಾತ್ರ. ರೋಮೆಡ್ ಸುತ್ತಿಗೆಗೂ ಅನುಮತಿ ಕೇಳಿದನಂತೆ. ಬುಟ್ಟಿಯ ಭಾರಕ್ಕೆ ಮೊಳೆ ಬಾಗಿತ್ತು. ಕಾಸಿಯಾನ್ ಅದನ್ನು ಕಿತ್ತು ಹೊಸದು ಹೊಡೆಯಲು ಹೋದಾಗ ಮೆಂಜಾ ಅವನ ಕೈ ಹಿಡಿದು, "ಮುಟ್ಟಬೇಡ, ಅದು ನಾನು ಹೊಡೆದ ಮೊಳೆ" ಎಂದಳು. ಹಾಗಾಗಿ ಬಾಗಿದ ಮೊಳೆಗೇ ಹಲಗೆ ಹಾಕಿದ್ದಾಯಿತು. ಅಂದಿನಿಂದ ಅದು ಸ್ವಲ್ಪ ಬಲಕ್ಕೆ ಸರಿದು ತೂಗುತ್ತದೆ.

ತುಮಾಶ್‌ನ ಕಣ್ಣಿಗೆ ಆಮೇಲೆ ಆಪರೇಷನ್ ಆಯಿತು. ದಾರಿ ಕಾಣುವಷ್ಟು ಕಣ್ಣು ಬಂತು, ಗುರಿ ಕಾಣುವಷ್ಟು ಬರಲಿಲ್ಲ. ಆದರೂ ಮೂಸ್‌ಬಾಖ್‌ಗೆ ನಮ್ಮ ಜೊತೆ ಬರುವುದನ್ನು ಬಿಡಲಿಲ್ಲ. ಬೋಲ್ಟಿನ ಬುಟ್ಟಿಯನ್ನು ಮಾತ್ರ ಅವನ ಕೈಗೆ ಕೊಡುತ್ತಿರಲಿಲ್ಲ. ಮೆಂಜಾ ತಾನೇ ಹಿಡಿದುಕೊಂಡು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಕಾಸಿಯಾನ್ ಚಳಿಗಾಲದಲ್ಲಿ ಈ ಕಡೆ ಬಂದಾಗಲೆಲ್ಲ ಒಲೆಯ ಪಕ್ಕ ಕೂತು, ಕಾಲು ಚಾಚಿ, ಗೋಡೆಯನ್ನು ಓರೆಗಣ್ಣಿನಲ್ಲಿ ನೋಡಿ, ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದ.

"ಮೆಂಜಾ, ಎರಡು ಬೆರಳು ಎಡಕ್ಕೆ."

ಅವಳು ಎದ್ದು ಸರಿಮಾಡುತ್ತಿದ್ದಳು. ಅವಳು ಬಂದು ಕೂರುವಷ್ಟರಲ್ಲಿ ಹಲಗೆ ಮತ್ತೆ ಬಲಕ್ಕೆ ಜಾರಿರುತ್ತಿತ್ತು.